ಎರಡು ದಾರಿ ಇದ್ದರೆ ಸಾಕೇ? ಹೋಟಗಿ ಜಂಕ್ಷನ್ನಿನಿಂದ ಇಂಟರ್ನೆಟ್‌ವರೆಗೆ

ಇವತ್ತು ನಮ್ಮ ಕನ್ನಡ ಶಾಲೆಗಳ ಅರ್ಧ ಕೆಲಸ ತಂತಿಯ ಮೇಲೆ ನಡೆಯುತ್ತದೆ. ಯು-ಡೈಸ್ ಮಾಹಿತಿ ತುಂಬುವುದು, ಶಿಷ್ಯವೇತನದ ಅರ್ಜಿ ಕಳಿಸುವುದು, ಪರೀಕ್ಷೆಯ ಫಾರ್ಮು, ಬಾಲಭಾರತಿಯ ಪುಸ್ತಕ ಇಳಿಸಿಕೊಳ್ಳುವುದು, ಎಲ್ಲವೂ ಇಂಟರ್ನೆಟ್ಟಿನಲ್ಲಿಯೇ. ಕೊನೆಯ ದಿನ ಲೈನ್ ಹೋದರೆ ಶಿಕ್ಷಕರಿಗೆ ತಲೆಬಿಸಿ, ಅಷ್ಟೇ. ಆದರೆ ಆ ಅರ್ಜಿಯಲ್ಲಿ ಹೆಸರಿರುವ ಹುಡುಗಿಗೆ ಒಂದು ವರ್ಷದ ಶಿಷ್ಯವೇತನವೇ ಹೋದಂತೆ. ಅದಕ್ಕೇ ಎಲ್ಲರೂ ಹೇಳುವ ಮಾತು: "ಎರಡು ಕನೆಕ್ಷನ್ ಇಟ್ಟುಕೊಳ್ಳಿ, ಒಂದು ಹೋದರೆ ಇನ್ನೊಂದು ಇರುತ್ತದೆ."

ಕೇಳಲು ಸರಳ ಮಾತು. ಆದರೆ ಎರಡು ತಂತಿ ಇದ್ದ ಮಾತ್ರಕ್ಕೆ ಎರಡು ದಾರಿ ಆಗುತ್ತವೆಯೇ? ಪ್ರತಿಯೊಬ್ಬರೂ ಎರಡೆರಡು ದಾರಿ ಬೇಕೆಂದರೆ ಇಡೀ ಜಾಲ ಅದನ್ನು ತಾಳಿಕೊಳ್ಳುತ್ತದೆಯೇ? ಈ ಎರಡು ಪ್ರಶ್ನೆಗಳ ಸುತ್ತ ದೊಡ್ಡದೊಂದು ಇತಿಹಾಸವೇ ಇದೆ. ಅದರ ಮೊದಲ ಪಾಠ ಕಲಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಸೊಲ್ಲಾಪುರದ ಮಗ್ಗುಲಲ್ಲಿರುವ ಹೋಟಗಿ ಜಂಕ್ಷನ್ನಿಗೆ ಹೋದರೆ ಸಾಕು.

ಹೋಟಗಿಯ ಪಾಠ

1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ರೈಲು ಓಡಿತು. ಆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ಹಳಿ 1860ರಲ್ಲಿ ಸೊಲ್ಲಾಪುರಕ್ಕೆ ಬಂತು. ಮುಂದೆ ಅಕ್ಕಲಕೋಟ ಸೀಮೆಯ ಮೂಲಕ, ದುಧನಿ, ಕಲಬುರ್ಗಿ, ವಾಡಿ ದಾಟಿ, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಕಡೆಯಿಂದ ಬಂದ ಹಳಿಗೆ ಕೂಡಿತು. ಮುಂಬಯಿ ಮತ್ತು ಮದ್ರಾಸು ಹೀಗೆ ನಮ್ಮ ಊರಿನ ಮೇಲೆಯೇ ಒಂದಾದವು. ಆದರೆ ಅದು ಒಂದೇ ಎಳೆ. ನಡುವೆ ಒಂದು ಸೇತುವೆ ಕುಸಿದರೂ ಈಚೆಯ ಗಾಡಿ ಈಚೆಗೇ, ಆಚೆಯದು ಆಚೆಗೇ.

ಅಷ್ಟರಲ್ಲಿ 1876ರಿಂದ 78ರವರೆಗಿನ ಘೋರ ಬರ ಬಂತು. ನಮ್ಮ ಸೊಲ್ಲಾಪುರ, ಆಚೆಯ ವಿಜಾಪುರ, ಕಲಾದಗಿ ಸೀಮೆ, ಬಳ್ಳಾರಿ ಎಲ್ಲವೂ ಬೆಂದುಹೋದವು. ಹಳಿ ಇದ್ದ ಸೊಲ್ಲಾಪುರದವರೆಗೆ ಧಾನ್ಯ ರೈಲಿನಲ್ಲಿ ಬರಬಹುದಿತ್ತು. ಹಳಿ ಇಲ್ಲದ ವಿಜಾಪುರದ ಕಡೆಗೆ ಎತ್ತಿನ ಬಂಡಿಯೇ ಗತಿ. ಬರದಲ್ಲಿ ಎತ್ತಿಗೂ ಮೇವಿಲ್ಲ! ದಾರಿಯೇ ಇಲ್ಲದ ಊರಿನ ಪಾಡು ಏನೆಂದು ಆಗ ಸರ್ಕಾರಕ್ಕೂ ಅರ್ಥವಾಯಿತು. ಮುಂದೆ ಸದರ್ನ್ ಮರಾಠಾ ರೈಲ್ವೆ ಹುಟ್ಟಿದ್ದಕ್ಕೆ ಈ ಬರವೂ ಒಂದು ಕಾರಣ. 1884ರಲ್ಲಿ ಹೋಟಗಿಯಿಂದ ವಿಜಾಪುರ, ಬಾಗಲಕೋಟೆಯ ಮೇಲೆ ಗದಗಿನವರೆಗೆ ಹಳಿ ಬಿತ್ತು. ಅದೇ ದಶಕದಲ್ಲಿ ಗದಗಿನಿಂದ ಹೊಸಪೇಟೆ, ಬಳ್ಳಾರಿಯ ಕಡೆಗೂ ಹಳಿ ಹೋಗಿ ಗುಂತಕಲ್ಲಿಗೆ ಸೇರಿತು.

ಈಗ ನಕ್ಷೆ ಬಿಚ್ಚಿ ನೋಡಿ. ಹೋಟಗಿಯಿಂದ ಗುಂತಕಲ್ಲಿಗೆ ಎರಡು ದಾರಿ. ಒಂದು ವಾಡಿ, ರಾಯಚೂರಿನ ಮೇಲೆ. ಇನ್ನೊಂದು ವಿಜಾಪುರ, ಗದಗ, ಬಳ್ಳಾರಿಯ ಮೇಲೆ. ಒಂದು ದೊಡ್ಡ ಉಂಗುರ! ಕೃಷ್ಣಾ ನದಿಯನ್ನು ಒಂದು ದಾರಿ ರಾಯಚೂರಿನ ಬಳಿ ದಾಟಿದರೆ, ಇನ್ನೊಂದು ಎಷ್ಟೋ ದೂರ ಪಶ್ಚಿಮಕ್ಕೆ ದಾಟುತ್ತದೆ. ಒಂದು ಸೇತುವೆಗೆ ಪೆಟ್ಟಾದರೂ ಇನ್ನೊಂದು ಉಳಿಯಬೇಕು.

ಕಾಗದದ ಮೇಲೆ ಎಲ್ಲ ಸರಿ. ಆದರೆ ಮೊದಲನೆಯದು ಬ್ರಾಡ್‌ಗೇಜ್, ಅಂದರೆ ಹಳಿಗಳ ನಡುವೆ 1676 ಮಿಲಿಮೀಟರ್ ಅಂತರ. ಎರಡನೆಯದು ಮೀಟರ್‌ಗೇಜ್, 1000 ಮಿಲಿಮೀಟರ್. ಮುಂಬಯಿಯಿಂದ ಬಂದ ಡಬ್ಬಿ ಹೋಟಗಿಯಲ್ಲಿ ವಿಜಾಪುರದ ಹಳಿಗೆ ಏರುವಂತಿರಲಿಲ್ಲ. ಸಾಮಾನು ಇಳಿಸಿ, ಹೊತ್ತು, ಬೇರೆ ಡಬ್ಬಿಗೆ ಏರಿಸಬೇಕು. ಜನರೂ ಗಂಟುಮೂಟೆ ಹಿಡಿದು ಗಾಡಿ ಬದಲಿಸಬೇಕು. ಎರಡನೆಯ ದಾರಿ ಇತ್ತು, ಆದರೆ ಮೊದಲನೆಯದು ನಿಂತಾಗ ಅದರ ಭಾರ ಹೊರುವ ಶಕ್ತಿ ಅದಕ್ಕಿರಲಿಲ್ಲ. ತುಂಡುತುಂಡಾಗಿ ಗೇಜ್ ಬದಲಾಗುತ್ತ ಬಂದು, 2000ರ ದಶಕದ ಕೊನೆಯ ಹೊತ್ತಿಗೆ ಹೋಟಗಿಯಿಂದ ಗದಗಿನವರೆಗೆ ಪೂರ್ತಿ ಬ್ರಾಡ್‌ಗೇಜ್ ಆಯಿತು. ಉಂಗುರ ನಿಜವಾದ ಉಂಗುರವಾಗಲು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು!

ಇದೇ ಸಾಲಿನಲ್ಲಿ ಇನ್ನೊಂದು ಸ್ಟೇಶನ್ ನೋಡಿ. ಹೆಸರು 'ಅಕ್ಕಲಕೋಟ ರೋಡ್'. ರೈಲ್ವೆಯವರು ಊರಿನ ಹೆಸರಿನ ಮುಂದೆ 'ರೋಡ್' ಎಂದು ಬರೆದರೆ ಊರು ಅಲ್ಲಿಲ್ಲ, ಅಲ್ಲಿಂದ ಊರಿಗೆ ರಸ್ತೆ ಇದೆ ಎಂದರ್ಥ. ಅಕ್ಕಲಕೋಟಕ್ಕೆ ಅಲ್ಲಿಂದ ಹತ್ತು ಕಿಲೋಮೀಟರಿಗೂ ಹೆಚ್ಚು. ಮುಂಬಯಿ–ಮದ್ರಾಸಿನ ಮಹಾಮಾರ್ಗಕ್ಕೆ ಎಷ್ಟು ಬದಲಿ ದಾರಿ ಇದ್ದರೇನು, ಸ್ಟೇಶನ್ನಿನಿಂದ ಊರಿಗೆ ಬರುವ ಆ ರಸ್ತೆ ನೀರಲ್ಲಿ ಮುಳುಗಿದರೆ ಊರಿನವನಿಗೆ ರೈಲೇ ಇಲ್ಲದಂತೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬಲೆಯ ಕನಸು

1960ರ ದಶಕದ ಆರಂಭ. ಅಮೆರಿಕ ಮತ್ತು ರಷ್ಯಾ ಅಣುಬಾಂಬು ಹಿಡಿದು ನಿಂತಿದ್ದ ಕಾಲ. ರ‍್ಯಾಂಡ್ ಎಂಬ ಸಂಸ್ಥೆಯಲ್ಲಿ ಪಾಲ್ ಬರಾನ್ ಎಂಬ ಎಂಜಿನಿಯರ್ ಒಂದು ಪ್ರಶ್ನೆ ಹಿಡಿದು ಕುಳಿತಿದ್ದರು. ಬಾಂಬು ಬಿದ್ದು ಅರ್ಧ ಟೆಲಿಫೋನ್ ಕೇಂದ್ರಗಳು ಹಾಳಾದರೂ ಉಳಿದವರು ಮಾತನಾಡುವುದು ಹೇಗೆ?

1964ರಲ್ಲಿ ಪ್ರಕಟವಾದ ತಮ್ಮ ವರದಿಗಳಲ್ಲಿ ಅವರು ಮೂರು ಬಗೆಯ ಜಾಲ ತೋರಿಸಿದರು. ಒಂದೇ ಕೇಂದ್ರಕ್ಕೆ ಎಲ್ಲ ತಂತಿ ಬರುವುದು ಮೊದಲನೆಯದು. ಕೆಲವು ಉಪಕೇಂದ್ರಗಳಿರುವುದು ಎರಡನೆಯದು. ಮೀನಿನ ಬಲೆಯಂತೆ ಪ್ರತಿ ಗಂಟೂ ಸುತ್ತಲಿನ ಗಂಟುಗಳಿಗೆ ಕಟ್ಟಿಕೊಂಡಿರುವುದು ಮೂರನೆಯದು. ಪ್ರತಿ ಗಂಟಿಗೆ ಮೂರೋ ನಾಲ್ಕೋ ದಾರಿ ಇದ್ದರೆ ಜಾಲ ಭಾರಿ ಪೆಟ್ಟನ್ನೂ ತಡೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಸುದ್ದಿಯನ್ನು ಸಣ್ಣ ತುಂಡುಗಳಾಗಿ ಒಡೆಯಬೇಕು, ಪ್ರತಿ ತುಂಡಿನ ಮೇಲೂ ವಿಳಾಸ ಇರಬೇಕು, ಪ್ರತಿ ಗಂಟೂ ಆ ಕ್ಷಣಕ್ಕೆ ಸರಿ ಕಂಡ ದಾರಿಗೆ ಅದನ್ನು ದಾಟಿಸಬೇಕು. ಅದೇ ಕಾಲದಲ್ಲಿ ಇಂಗ್ಲೆಂಡಿನ ಡೊನಾಲ್ಡ್ ಡೇವೀಸ್ ಕೂಡ ತಮ್ಮಷ್ಟಕ್ಕೆ ಇದನ್ನೇ ಯೋಚಿಸಿದ್ದರು. ಆ ತುಂಡಿಗೆ 'ಪ್ಯಾಕೆಟ್' ಎಂಬ ಹೆಸರು ಅವರದೇ.

1969ರ ಅಕ್ಟೋಬರ್ 29ರಂದು ಆರ್ಪಾನೆಟ್ ಎಂಬ ಜಾಲದ ಮೊದಲ ಎರಡು ಗಂಟುಗಳು ಕ್ಯಾಲಿಫೋರ್ನಿಯಾದಲ್ಲಿ ಮಾತನಾಡಿದವು. 'ಲಾಗಿನ್' ಎಂದು ಕಳಿಸಬೇಕಿತ್ತು. ಎರಡು ಅಕ್ಷರ ಹೋಗುವಷ್ಟರಲ್ಲಿ ಆ ಬದಿಯ ಯಂತ್ರ ಕೈಕೊಟ್ಟಿತು. ಇಂಟರ್ನೆಟ್ಟಿನ ಹಿರಿಯಜ್ಜ ಹುಟ್ಟಿದ್ದೇ ಹೀಗೆ.

ಈ ಜಾಲಕ್ಕೂ ಹೋಟಗಿಯ ಪಾಠ ತಪ್ಪಲಿಲ್ಲ. 1986ರ ಡಿಸೆಂಬರ್ 12ರಂದು ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶ ಆರ್ಪಾನೆಟ್ಟಿನಿಂದ ಪೂರ್ತಿ ಕಡಿದುಹೋಯಿತು. ಆ ಪ್ರದೇಶಕ್ಕೆ ಒಂದಲ್ಲ, ಎರಡಲ್ಲ, ಏಳು ಲೈನುಗಳಿದ್ದವು. ಒಂದು ಹೋದರೆ ಇನ್ನೊಂದಿರಲಿ ಎಂದೇ ಏಳು. ಆದರೆ ಟೆಲಿಫೋನ್ ಕಂಪನಿ ಆ ಏಳನ್ನೂ ಒಂದು ಕಡೆ ಒಂದೇ ಫೈಬರ್ ಕೇಬಲ್ಲಿನೊಳಗೆ ಒಯ್ದಿತ್ತು. ಆ ಒಂದು ಕೇಬಲ್ ತುಂಡಾಯಿತು, ಏಳೂ ಒಟ್ಟಿಗೆ ಸತ್ತವು! ನಕ್ಷೆಯಲ್ಲಿ ಏಳು ಗೆರೆ, ನೆಲದಲ್ಲಿ ಒಂದೇ. ಬಾವಿಗೆ ಏಳು ಹಗ್ಗ ಇಳಿಬಿಟ್ಟು ಎಲ್ಲವನ್ನೂ ಒಂದೇ ರಾಟೆಗೆ ಹಾಕಿದ ಹಾಗೆ. ರಾಟೆ ಮುರಿದರೆ ಏಳು ಹಗ್ಗದಿಂದ ಏನು ಪ್ರಯೋಜನ?

ಪಿನ್ ಕೋಡಿನ ಗುಟ್ಟು

ಇನ್ನು ಎರಡನೆಯ ಪ್ರಶ್ನೆ. ಇದು ಸ್ವಲ್ಪ ಬಿಗಿ, ನಿಧಾನವಾಗಿ ಬಿಡಿಸೋಣ.

ದಾರಿ ಎಷ್ಟೇ ಇರಲಿ, ಯಾವ ಪ್ಯಾಕೆಟ್ಟನ್ನು ಯಾವ ಕಡೆಗೆ ದಾಟಿಸಬೇಕು ಎಂದು ಪ್ರತಿ ಗಂಟಿಗೂ ಗೊತ್ತಿರಬೇಕು. ಈ ಕೆಲಸ ಮಾಡುವ ಯಂತ್ರವೇ ರೂಟರ್. ಅದರೊಳಗೆ ಒಂದು ಪಟ್ಟಿ ಇರುತ್ತದೆ: ಇಂಥ ವಿಳಾಸವಾದರೆ ಇಂಥ ಕಡೆಗೆ. ಜಗತ್ತಿನ ಪ್ರತಿ ಕಂಪ್ಯೂಟರಿಗೂ ಆ ಪಟ್ಟಿಯಲ್ಲಿ ಒಂದೊಂದು ಸಾಲು ಬರೆಯುತ್ತ ಹೋದರೆ ಯಾವ ಯಂತ್ರವೂ ತಾಳಲಾರದು.

ಇದೇ ಕಷ್ಟ ಅಂಚೆಯವರಿಗೂ ಇತ್ತು. ಅದನ್ನು ಅವರು ಬಗೆಹರಿಸಿದ್ದು 1972ರ ಆಗಸ್ಟ್ 15ರಂದು, ಪಿನ್ ಕೋಡ್ ತಂದು. ಅದರ ಹಿಂದಿದ್ದವರು ಶ್ರೀರಾಮ ಭಿಕಾಜಿ ವೇಲಣಕರ್, ಸಂಸ್ಕೃತ ಕವಿಯೂ ಆಗಿದ್ದ ಅಧಿಕಾರಿ. ಅಕ್ಕಲಕೋಟದ ಪಿನ್ 413216. ಕೊಲ್ಕತ್ತಾದಲ್ಲಿ ಪತ್ರ ವಿಂಗಡಿಸುವವನಿಗೆ ಅಕ್ಕಲಕೋಟ ಎಲ್ಲಿದೆ ಎಂದು ಗೊತ್ತಿರಬೇಕಾಗಿಲ್ಲ. ಮೊದಲ ಅಂಕೆ 4 ನೋಡಿ ಪಶ್ಚಿಮದ ಕಡೆ ಹಾಕಿದರೆ ಆಯಿತು. ಮುಂದಿನವನು 413 ನೋಡಿ ಸೊಲ್ಲಾಪುರದ ಕಡೆಗೆ ಕಳಿಸುತ್ತಾನೆ. ಕೊನೆಯ ಮೂರು ಅಂಕೆ ನೋಡುವ ಕೆಲಸ ಇಲ್ಲಿಯವರದು. ಸಾವಿರಾರು ಊರುಗಳು ದೂರದವನ ಕಣ್ಣಿಗೆ ಒಂದೇ ಸಾಲು. ಪಟ್ಟಿ ಚಿಕ್ಕದಾಗಿ ಉಳಿಯುವ ಗುಟ್ಟು ಇಷ್ಟೇ.

ಇಂಟರ್ನೆಟ್ಟಿನವರೂ ಇದೇ ಉಪಾಯಕ್ಕೆ ಬಂದರು, ಸ್ವಲ್ಪ ತಡವಾಗಿ. 1989ರ ಜನವರಿಯಲ್ಲಿ ಟೆಕ್ಸಾಸಿನ ಆಸ್ಟಿನ್ ಊರಿನ ಒಂದು ಸಭೆಯಲ್ಲಿ ಕರ್ಕ್ ಲೋಹೀಡ್ ಮತ್ತು ಯಾಕೊವ್ ರೆಕ್ಟರ್ ಎಂಬ ಎಂಜಿನಿಯರುಗಳು ಊಟದ ಮೇಜಿನ ಮೇಲೆ, ಕೈ ಒರೆಸುವ ಕಾಗದದಲ್ಲಿಯೇ, ಹೊಸ ವ್ಯವಸ್ಥೆಯೊಂದನ್ನು ಗೀಚಿದರು. ಅದೇ ಬಾರ್ಡರ್ ಗೇಟ್‌ವೇ ಪ್ರೊಟೊಕಾಲ್, ಚಿಕ್ಕದಾಗಿ ಬಿಜಿಪಿ. ಬಾರ್ಡರ್ ಎಂದರೆ ಗಡಿ! ಒಂದು ಜಾಲದ ಗಡಿಯಲ್ಲಿರುವ ರೂಟರ್ ಪಕ್ಕದ ಜಾಲದ ಗಡಿ ರೂಟರಿಗೆ "ಇಂಥ ವಿಳಾಸಗಳಿಗೆ ನನ್ನ ಮೇಲೆ ದಾರಿ ಇದೆ" ಎಂದು ಹೇಳುತ್ತದೆ. ಅದು ತನ್ನ ಪಕ್ಕದವರಿಗೆ ಹೇಳುತ್ತದೆ. ಜಗತ್ತಿನ ಜಾಲಗಳೆಲ್ಲ ಇವತ್ತಿಗೂ ಇದರ ಮೇಲೆಯೇ ನಿಂತಿವೆ. 1993ರಲ್ಲಿ ವಿಳಾಸಗಳನ್ನು ಪಿನ್ ಕೋಡಿನ ಹಾಗೆ ಗುಂಪು ಕಟ್ಟಿ ಒಂದೇ ಸಾಲಿನಲ್ಲಿ ಹೇಳುವ ಪದ್ಧತಿಯೂ ಬಂತು. ಉಬ್ಬುತ್ತಿದ್ದ ಪಟ್ಟಿಗೆ ಸ್ವಲ್ಪ ಕಡಿವಾಣ ಬಿತ್ತು.

ಸಮಸ್ಯೆ ತೀರಿತೇ? ಇಲ್ಲ. ಎರಡು ದಾರಿಯ ಆಸೆ ಇಲ್ಲಿ ಅಡ್ಡ ಬಂತು.

ಅಕ್ಕಲಕೋಟದ ಒಂದು ಶಾಲೆ ಹೀಗೆ ಕೇಳುತ್ತದೆ ಎಂದುಕೊಳ್ಳಿ: "ನಮ್ಮ ವಿಳಾಸ ಒಂದೇ ಇರಲಿ. ಆದರೆ ಪತ್ರ ಸೊಲ್ಲಾಪುರದ ಮೇಲೂ ಬರಬೇಕು, ಅದು ಮುಚ್ಚಿದರೆ ಕಲಬುರ್ಗಿಯ ಮೇಲೂ ಬರಬೇಕು." ಕಲಬುರ್ಗಿಯ ಪಿನ್ 585ರಿಂದ ಆರಂಭ. ನಮ್ಮದು 413. ಈಗ ಕೊಲ್ಕತ್ತಾದವನಿಗೆ ಬರೀ 4 ನೋಡಿದರೆ ಸಾಲದು. "ಈ ಒಂದು ಶಾಲೆಗೆ 5ರ ಕಡೆಯಿಂದಲೂ ದಾರಿ ಇದೆ" ಎಂದು ಬೇರೆ ಚೀಟಿ ಬರೆದು ಅಂಟಿಸಿಕೊಳ್ಳಬೇಕು. ಕೊಲ್ಕತ್ತಾದವನಷ್ಟೇ ಅಲ್ಲ, ದೇಶದ ಎಲ್ಲ ವಿಂಗಡಣಾ ಕಚೇರಿಗಳೂ ಬರೆದುಕೊಳ್ಳಬೇಕು. ಒಂದು ಶಾಲೆ ಕೇಳಿದರೆ ಪರವಾಗಿಲ್ಲ, ಲಕ್ಷ ಶಾಲೆ ಕೇಳಿದರೆ ಪಿನ್ ಕೋಡ್ ಮಾಡಿದ ಉಪಕಾರವೇ ಅಳಿಸಿಹೋಯಿತು!

ಇಂಟರ್ನೆಟ್ಟಿನಲ್ಲಿ ಆದದ್ದು ಇದೇ. ಬ್ಯಾಂಕು, ವಿಶ್ವವಿದ್ಯಾಲಯ, ಕಂಪನಿಗಳು ಎರಡೆರಡು ಸೇವಾದಾರರಿಂದ ಸಂಪರ್ಕ ಪಡೆದು ಸ್ವಂತ ವಿಳಾಸಗುಂಪು ಇಟ್ಟುಕೊಂಡವು. ಇದಕ್ಕೆ ಮಲ್ಟಿಹೋಮಿಂಗ್ ಎನ್ನುತ್ತಾರೆ. ಅವರ ಭದ್ರತೆ ಹೆಚ್ಚಿತು. ಆದರೆ ಅಂಥ ಪ್ರತಿಯೊಂದು ಗುಂಪಿಗೂ ಜಗತ್ತಿನ ದೊಡ್ಡ ರೂಟರುಗಳಲ್ಲೆಲ್ಲ ಒಂದು ಸಾಲು ಹೆಚ್ಚಾಯಿತು. ಲಾಭ ಒಬ್ಬನದು, ಭಾರ ಎಲ್ಲರದು. 1990ರ ದಶಕದ ನಡುವೆ ಕೆಲವು ಹತ್ತು ಸಾವಿರಗಳಲ್ಲಿದ್ದ ಸಾಲುಗಳು 2000ರ ಹೊತ್ತಿಗೆ ಲಕ್ಷದ ಹತ್ತಿರ ಬಂದವು. 2006ರ ಅಕ್ಟೋಬರಿನಲ್ಲಿ ತಜ್ಞರು ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿ ಇದೇ ವಿಷಯ ಚರ್ಚಿಸಿದರು. ಪಟ್ಟಿ ಬೆಳೆಯಲು ಮಲ್ಟಿಹೋಮಿಂಗ್ ಒಂದು ಮುಖ್ಯ ಕಾರಣ ಎಂದು ಅವರ ವರದಿ ಹೇಳಿತು. 'ನೀನು ಯಾರು' ಎಂಬುದನ್ನೂ 'ನೀನು ಎಲ್ಲಿದ್ದೀಯ' ಎಂಬುದನ್ನೂ ಬೇರೆ ಬೇರೆ ಸಂಖ್ಯೆಯಲ್ಲಿ ಇಟ್ಟರೆ ಹೇಗೆ ಎಂಬ ಯೋಚನೆ ಅಲ್ಲಿಂದ ಬಲಗೊಂಡಿತು. ಆದರೆ ಎಲ್ಲರೂ ಒಪ್ಪಿ ಅನುಸರಿಸುವ ಪರಿಹಾರವಾಗಿ ಅದು ಇಂದಿಗೂ ಬೆಳೆದಿಲ್ಲ.

ಭಾರ ಹೊರೆಯಾದ ದಿನವೂ ಬಂತು. ಹಳೆಯ ಮಾದರಿಯ ಎಷ್ಟೋ ರೂಟರುಗಳ ನೆನಪಿನಲ್ಲಿ 5,24,288 ಸಾಲುಗಳಿಗಷ್ಟೇ ಜಾಗ ಇತ್ತು. 2014ರ ಆಗಸ್ಟ್ 12ರಂದು ಪಟ್ಟಿ ಆ ಮಿತಿಯನ್ನು ಮುಟ್ಟಿತು. ಜಗತ್ತಿನ ಅಲ್ಲಲ್ಲಿ ಇಂಟರ್ನೆಟ್ ತೊದಲಿತು. ಯಾವ ಕೇಬಲ್ಲೂ ಕಡಿದಿರಲಿಲ್ಲ, ಯಾರೂ ದಾಳಿ ಮಾಡಿರಲಿಲ್ಲ. ದಾರಿಗಳ ಪಟ್ಟಿಯೇ ಉದ್ದವಾಗಿತ್ತು! ಇವತ್ತು ಆ ಪಟ್ಟಿ ಹತ್ತು ಲಕ್ಷದ ಆಸುಪಾಸಿನಲ್ಲಿದೆ. ದೊಡ್ಡ ನೆನಪಿನ ಯಂತ್ರಗಳು ಬಂದಿರುವುದರಿಂದ ನಡೆಯುತ್ತಿದೆ.

ನಮ್ಮ ದೇಶದ ಕಥೆ

ಭಾರತದಲ್ಲಿ ಸಾಮಾನ್ಯ ಜನರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮೊದಮೊದಲು ಒಂದು ವಿಚಿತ್ರ ಇತ್ತು. ಒಂದೇ ಊರಿನಲ್ಲಿ ಇಬ್ಬರು ಬೇರೆ ಬೇರೆ ಕಂಪನಿಯ ಇಂಟರ್ನೆಟ್ ಹಾಕಿಸಿಕೊಂಡಿದ್ದರೆ, ಇವನ ಮೇಲ್ ಅವನಿಗೆ ಹೋಗಲು ಎಷ್ಟೋ ಸಲ ಸಮುದ್ರ ದಾಟಿ ವಿದೇಶಕ್ಕೆ ಹೋಗಿ ಬರಬೇಕಿತ್ತು. ನೆರೆಮನೆಗೆ ಮೊಸರು ಕೊಡಲು ಮುಂಬಯಿ ಸುತ್ತಿ ಬಂದ ಹಾಗೆ. ಇದನ್ನು ತಪ್ಪಿಸಲು 2003ರಲ್ಲಿ ನಿಕ್ಸಿ ಎಂಬ ವಿನಿಮಯ ಕೇಂದ್ರಗಳ ಸಂಸ್ಥೆ ಹುಟ್ಟಿತು. ದೇಶದೊಳಗಿನ ಮಾತು ದೇಶದೊಳಗೇ ತಿರುಗಲಿ ಎಂಬುದು ಅದರ ಉದ್ದೇಶ.

2008ರ ಜನವರಿ 30ರಂದು ಹೋಟಗಿಯ ಪಾಠ ಮತ್ತೆ ಬಂತು, ಈ ಸಲ ಕಡಲ ತಳದಲ್ಲಿ. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನ ಸಮೀಪ ಎರಡು ದೊಡ್ಡ ಕೇಬಲ್ಲುಗಳು ಒಂದೇ ದಿನ ತುಂಡಾದವು. ಬೇರೆ ಬೇರೆ ಒಡೆಯರ, ಬೇರೆ ಬೇರೆ ಹೆಸರಿನ ಕೇಬಲ್ಲುಗಳು. ಆದರೆ ಸಾಗುವುದು ಒಂದೇ ಇಕ್ಕಟ್ಟಿನ ಕಡಲಲ್ಲಿ. ಪಶ್ಚಿಮದ ಕಡೆಗೆ ಹೋಗುವ ಭಾರತದ ಸಾಮರ್ಥ್ಯದ ದೊಡ್ಡ ಪಾಲು ಹೊರಟುಹೋಯಿತು. ಬೆಂಗಳೂರಿನ ಕಂಪನಿಗಳಿಂದ ಹಿಡಿದು ಮನೆಯವರವರೆಗೆ ಎಲ್ಲರಿಗೂ ಜಾಲ ನಿಧಾನವಾಯಿತು. ಪೂರ್ತಿ ನಿಲ್ಲಲಿಲ್ಲ, ಯಾಕೆ? ಸಿಂಗಾಪುರ, ಜಪಾನ್ ಕಡೆಗೆ ಪೂರ್ವದ ದಾರಿ ಇತ್ತು. ಅದು ನಿಜವಾಗಿಯೂ ಬೇರೆ ದಾರಿ, ಹಾಗಾಗಿ ಕೈ ಹಿಡಿಯಿತು.

ಅದಾಗಿ ಒಂದು ತಿಂಗಳೊಳಗೆ, ಫೆಬ್ರುವರಿ 24ರಂದು, ಇನ್ನೊಂದು ಬಗೆಯ ಪಾಠ. ಪಾಕಿಸ್ತಾನದ ಟೆಲಿಕಾಂ ಸಂಸ್ಥೆ ತನ್ನ ದೇಶದಲ್ಲಿ ಯೂಟ್ಯೂಬ್ ತಡೆಯಲು ಹೋಗಿ "ಯೂಟ್ಯೂಬಿಗೆ ದಾರಿ ನನ್ನ ಮೇಲೆ" ಎಂಬ ಸುಳ್ಳು ಸಾಲನ್ನು ಹೊರಗೆ ಬಿಟ್ಟಿತು. ಬಿಜಿಪಿ ಪಕ್ಕದವನ ಮಾತು ನಂಬುವ ವ್ಯವಸ್ಥೆ. ಮಾತು ಜಗತ್ತಿಗೆಲ್ಲ ಹರಡಿ ಸುಮಾರು ಎರಡು ಗಂಟೆ ಯೂಟ್ಯೂಬ್ ಕಾಣೆಯಾಯಿತು. ದಾರಿಗಳು ಎಷ್ಟಿದ್ದರೂ ಕೈಮರ ತಪ್ಪು ತೋರಿಸಿದರೆ ಗಾಡಿ ಕೆರೆಗೇ!

ಹಳ್ಳಿಗಳ ಕಥೆ ಇನ್ನೂ ಹತ್ತಿರದ್ದು. ಗ್ರಾಮ ಪಂಚಾಯತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಅದರ ಹೆಸರು ಭಾರತ್‌ನೆಟ್. ಆರಂಭದ ಹಂತದಲ್ಲಿ ತಾಲೂಕಿನ ಕಡೆಯಿಂದ ಪಂಚಾಯತಿಗೆ ಬಹುಮಟ್ಟಿಗೆ ಒಂದೇ ಎಳೆ ಎಳೆದರು. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಕಡೆ ಹಲ್ಲು ಹಾಕಿದರೆ ಮುಂದಿನ ಊರುಗಳೆಲ್ಲ ಕತ್ತಲು. ಕೊನೆಗೆ 2023ರ ಆಗಸ್ಟಿನಲ್ಲಿ ಒಪ್ಪಿದ ತಿದ್ದುಪಡಿ ಯೋಜನೆಯಲ್ಲಿ ಎಳೆಯ ಬದಲು ಉಂಗುರ ಎಂದು ತೀರ್ಮಾನವಾಯಿತು. ಒಂದು ಬದಿ ಕಡಿದರೆ ಇನ್ನೊಂದು ಬದಿಯಿಂದ ಸುತ್ತಿ ಬರಲಿ ಎಂದು. ಸೊಲ್ಲಾಪುರ ಸೀಮೆಯ ರೈಲು 1880ರ ದಶಕದಲ್ಲಿ ಹಿಡಿದ ದಾರಿಯನ್ನೇ ಹಳ್ಳಿಯ ಫೈಬರ್ ಈಗ ಹಿಡಿಯುತ್ತಿದೆ.

ಗಡಿಯ ಶಾಲೆಗಳಿಗೆ ಇದರಿಂದ ಏನು?

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದು, ಅಕ್ಕಲಕೋಟ ತಾಲೂಕಿನಲ್ಲಿ ಬೋರಿ ಹೊಳೆ ದಂಡೆ ಮೀರಿದ್ದು ನಮ್ಮ ಕಡೆಯವರಾರೂ ಮರೆತಿಲ್ಲ. ಅಂಥ ದಿನ ರಸ್ತೆ, ಕರೆಂಟು, ಟವರು ಒಂದರ ಹಿಂದೆ ಒಂದು ಹೋಗುತ್ತವೆ. ಶಾಲೆಯಲ್ಲಿ ಎರಡು ಕಂಪನಿಯ ಸಿಮ್ ಇದ್ದರೂ ಎರಡೂ ಒಂದೇ ಟವರಿನ ಮೇಲೆ ಕುಳಿತಿದ್ದರೆ ಅವು ಎರಡಲ್ಲ, ಒಂದೇ. ಫೈಬರ್ ಒಂದು, ಡಾಂಗಲ್ ಒಂದು ಇದ್ದು, ಎರಡಕ್ಕೂ ಒಂದೇ ಕರೆಂಟ್ ಲೈನ್, ಬ್ಯಾಟರಿ ಇಲ್ಲ ಎಂದಾದರೆ ಆಗಲೂ ಒಂದೇ. ಎರಡನೆಯ ಸಂಪರ್ಕ ಇಡೀ ಶಾಲೆಯ ಅರ್ಜಿ ಹೊರಲಾರದಷ್ಟು ನಿಧಾನವಾದರೆ ಅದು ಹಳೆಯ ಮೀಟರ್‌ಗೇಜ್.

ಆದ್ದರಿಂದ ಶಾಲಾ ಸಮಿತಿಯವರು ಕೇಳಬೇಕಾದದ್ದು "ಎಷ್ಟು ಕನೆಕ್ಷನ್ ಇವೆ?" ಎಂದಲ್ಲ. ಈ ಎರಡೂ ಎಲ್ಲಿ ಒಂದಾಗುತ್ತವೆ? ಅದೇ ಕಂಬವೇ, ಅದೇ ಗುಂಡಿಯೇ, ಅದೇ ಟವರೇ? ಮೊದಲನೆಯದು ನಿಂತಾಗ ಎರಡನೆಯದು ಪೂರ್ತಿ ಭಾರ ಹೊರುತ್ತದೆಯೇ? ತಿಂಗಳಿಗೊಮ್ಮೆ ಮೊದಲನೆಯದನ್ನು ಬೇಕೆಂದೇ ತೆಗೆದು ನೋಡಿದ್ದೇವೆಯೇ? ಬಳಸದೆ ಇಟ್ಟ ಬದಲಿ ದಾರಿಯಲ್ಲಿ ಮುಳ್ಳು ಬೆಳೆದಿರುತ್ತದೆ.

ಗಡಿಯಲ್ಲಿರುವ ನಮ್ಮ ಶಾಲೆಗಳೇ ಒಂದು ಲೆಕ್ಕದಲ್ಲಿ ಮಲ್ಟಿಹೋಮಿಂಗ್ ಅಲ್ಲವೇ? ಪಠ್ಯಪುಸ್ತಕ, ಸಂಬಳ, ಪರೀಕ್ಷೆ ಪುಣೆ, ಮುಂಬಯಿಯ ಕಡೆಯಿಂದ. ಕಥೆ, ಕವಿತೆ, ಪತ್ರಿಕೆ, ನುಡಿಯ ಉಸಿರು ಬೆಂಗಳೂರು, ಧಾರವಾಡ, ಕಲಬುರ್ಗಿಯ ಕಡೆಯಿಂದ. ಎರಡು ದಾರಿ ಇಟ್ಟುಕೊಂಡವನ ವಿಳಾಸ ಯಾವ ಗುಂಪಿಗೂ ಸಲೀಸಾಗಿ ಕೂಡುವುದಿಲ್ಲ. ಎರಡೂ ಕಡೆಯ ಪಟ್ಟಿಯಲ್ಲಿ ನಮಗೊಂದು ಬೇರೆ ಸಾಲು ಬೇಕಾಗುತ್ತದೆ. ಅದು ಅವರಿಗೆ ಸ್ವಲ್ಪ ಹೊರೆ, ನಿಜ. ಆದರೆ ಆ ಸಾಲು ಇರುವುದರಿಂದಲೇ ಇಲ್ಲಿಯ ಮಗುವಿಗೆ ಎರಡೂ ಕಡೆಯಿಂದ ಬರುವುದು ತಲುಪುತ್ತದೆ. ಯಾವ ಕಡೆಯ ಕಚೇರಿಯಲ್ಲೇ ಆಗಲಿ ಆ ಸಾಲು ಅಳಿಸಿಹೋಗದಂತೆ ಕೇಳುತ್ತಲೇ ಇರುವುದು ನಮ್ಮ ಕೆಲಸ.

ಶಿಕ್ಷಕ ಬಂಧುಗಳೇ, ಒಂದು ಚಟುವಟಿಕೆ ಮಾಡಿಸಿ ನೋಡಿ. ಏಳನೆಯ, ಎಂಟನೆಯ ತರಗತಿಯ ಮಕ್ಕಳಿಗೆ ಹೋಟಗಿ, ವಾಡಿ, ರಾಯಚೂರು, ಗುಂತಕಲ್ಲು, ಬಳ್ಳಾರಿ, ಗದಗ, ವಿಜಾಪುರ ಇರುವ ರೈಲು ನಕ್ಷೆ ಕೊಡಿ. ಒಂದು ಊರನ್ನು ಅಳಿಸಿ, ಹೋಟಗಿಯಿಂದ ಗುಂತಕಲ್ಲಿಗೆ ದಾರಿ ಹುಡುಕಲು ಹೇಳಿ. ಸಿಗುತ್ತದೆ. ಆಮೇಲೆ ಹೋಟಗಿಯನ್ನೇ ಅಳಿಸಿ, ಸೊಲ್ಲಾಪುರದಿಂದ ಹೊರಡಲು ಹೇಳಿ. ಮಕ್ಕಳು ಸ್ವಲ್ಪ ಹೊತ್ತು ನಕ್ಷೆ ನೋಡಿ, "ಸರ್, ಎರಡೂ ಹೋಟಗಿ ಮ್ಯಾಲಿಂದನs ಹೋಗತಾವಲ್ರೀ!" ಎಂದರೆ, ಪಾಠ ಅರ್ಥವಾಯಿತು ಎಂದುಕೊಳ್ಳಿ.